ಅವಳಿ ಟರ್ಬೊ ಮೀಮಾಂಸೆ: ಕೊಪ್ಪಳ ಸೀಮೆಯ ಪಾಠ

ಶಾಸ್ತ್ರ ಬರೆಯಲು ಕೂತವರು ಮೊದಲು ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕು ಎಂಬುದು ಹಿಂದಿನಿಂದ ಬಂದ ಕಟ್ಟಳೆ: ವಿಷಯ, ಸಂಬಂಧ, ಅಧಿಕಾರಿ, ಪ್ರಯೋಜನ. ಪ್ರಸ್ತುತ ಗ್ರಂಥದ ವಿಷಯ, ಎರಡು ಟರ್ಬೊ ಇರುವ ಸ್ಪೋರ್ಟ್ಸ್ ಕಾರಿಗೆ ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಕೂರಿಸುವ ವಿಧಿ. ಸಂಬಂಧ, ಕೊಪ್ಪಳ ಜಿಲ್ಲೆ. ವಿಶೇಷವಾಗಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಪೀಠಗಳು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಕೆಎ-37 ನಂಬರಿನ ಯಾವುದಾದರೂ ಗಾಡಿಯ ಬಾನೆಟ್ ಎತ್ತಿ, ಒಳಗೆ ಇಣುಕಿ, ಏನೂ ತಿಳಿಯದೆ, ಎಲ್ಲ ತಿಳಿದವನಂತೆ ತಲೆಯಾಡಿಸಿದ ಪ್ರತಿಯೊಬ್ಬ ಗೃಹಸ್ಥ. ಪ್ರಯೋಜನ ಮಾತ್ರ ಇಲ್ಲ. ಇಲ್ಲದ್ದರಿಂದಲೇ ಇದನ್ನು ಶುದ್ಧ ಸಂಶೋಧನೆ ಎಂದು ಪರಿಗಣಿಸಬೇಕಾಗಿ ವಿನಂತಿ.

ಮಂಗಳಾಚರಣೆಗೆ ದೂರ ಹೋಗಬೇಕಿಲ್ಲ. ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟ ವಾಯುಪುತ್ರ ಹುಟ್ಟಿದ ತಾಣವೆಂದು ಭಕ್ತರ ನಂಬಿಕೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ವಿದ್ಯೆಗೆ ಅವನಿಗಿಂತ ಅಧಿಕೃತ ದೇವತೆ ಇನ್ನೊಬ್ಬನಿಲ್ಲ. 575 ಮೆಟ್ಟಿಲು ಹತ್ತಿ ಮೇಲೆ ಮುಟ್ಟುವ ಹೊತ್ತಿಗೆ, ಟರ್ಬೊ ಇಲ್ಲದ ದೇಹಕ್ಕೆ ಉಸಿರು ಎಷ್ಟು ಸಾಲದೆಂಬುದು ಜಿಜ್ಞಾಸುವಿಗೆ ಪ್ರತ್ಯಕ್ಷ ಪ್ರಮಾಣದಿಂದಲೇ ಸಿದ್ಧವಾಗಿರುತ್ತದೆ. ಹೀಗೆ ಪೂರ್ವಸಿದ್ಧತೆ ಮುಗಿಯಿತು.

ಇನ್ನು ಇತಿಹಾಸ ಪ್ರಕರಣ. ಪಾಶ್ಚಾತ್ಯ ಪಂಡಿತರ ಮತದಲ್ಲಿ ಈ ವಿದ್ಯೆಯ ಆದಿಋಷಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ. ಎಂಜಿನ್ನಿನ ಹೊಗೆಕೊಳವೆಯಲ್ಲಿ ದಂಡವಾಗಿ ಹೋಗುವ ಬಿಸಿ ಅನಿಲದಿಂದ ಒಂದು ಚಕ್ರ ತಿರುಗಿಸಿ, ಆ ಚಕ್ರದ ಅಚ್ಚಿಗೇ ಕೂರಿಸಿದ ಇನ್ನೊಂದು ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಒಳಗೆ ಕಳಿಸಬಹುದು ಎಂಬುದಕ್ಕೆ ಆತ 1905ರಲ್ಲೇ ಪೇಟೆಂಟ್ ಪಡೆದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಟರ್ಬೊ ಕೂರಿಸಿದ ಲಿಬರ್ಟಿ ವಿಮಾನ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಏರಿಸಿ, ತೆಳುಗಾಳಿಯಲ್ಲೂ ಅದು ಸೋಲುವುದಿಲ್ಲ ಎಂದು ತೋರಿಸಿದ. 1962ರಲ್ಲಿ ಟರ್ಬೊ ಅಮೆರಿಕದ ಕಾರುಗಳಿಗೆ ಇಳಿಯಿತು. 1981ರಲ್ಲಿ ಇಟಲಿಯ ಮಾಸೆರಾಟಿ ಕಂಪನಿ ‘ಬಿಟುರ್ಬೊ’ ಎಂಬ ಕಾರಿನಲ್ಲಿ ಒಂದು ಎಂಜಿನ್ನಿಗೆ ಎರಡು ಟರ್ಬೊ ಕಟ್ಟಿ ಮಾರುಕಟ್ಟೆಗೆ ಬಿಟ್ಟಿತು.

ಈ ಮತವನ್ನು ಪ್ರಕೃತ ಗ್ರಂಥಕಾರ ಒಪ್ಪುವುದಿಲ್ಲ. ಗಂಗಾವತಿಯ ಸಮೀಪ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಊರವರು ಮೋರ್ಯರ ಗುಡ್ಡ ಎನ್ನುವ ಜಾಗದಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ನೂರಾರು ಬೃಹತ್ ಶಿಲಾ ಸಮಾಧಿಗಳಿವೆ. ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಈ ಕೋಣೆಗಳಲ್ಲಿ ಹಲವಕ್ಕೆ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಪುರಾತತ್ತ್ವಜ್ಞರು ಇದನ್ನು ಶವಸಂಸ್ಕಾರದ ಆಚರಣೆಗೆ ತಳಕು ಹಾಕುತ್ತಾರೆ. ಆದರೆ ನೋಡಿ: ನಾಲ್ಕೂ ಕಡೆ ಮುಚ್ಚಿದ ಕೋಣೆ, ಒಳಗೆ ಹೊರಬರಲು ಹವಣಿಸುವ ಶಕ್ತಿ, ಗೋಡೆಯಲ್ಲಿ ಅಳತೆಯಿಟ್ಟು ಕೊರೆದ ದುಂಡು ಕಿಂಡಿ. ಇಷ್ಟಾದ ಮೇಲೂ ಇದು ವೇಸ್ಟ್‌ಗೇಟ್ ಅಲ್ಲ ಎನ್ನುವವರು ನೆಲ ಅಗೆದವರಿರಬಹುದು, ಎಂಜಿನ್ ಬಿಚ್ಚಿದವರಲ್ಲ. ಕಿಂಡಿಯೇನೋ ಸಿಕ್ಕಿತು, ಟರ್ಬೊ ಎಲ್ಲಿ ಎಂಬ ಆಕ್ಷೇಪಕ್ಕೆ ಸಮಾಧಾನ ಸರಳ. ಬೆಲೆಬಾಳುವ ಸಾಮಾನು ಯಾವ ಊರಲ್ಲೂ ಅಷ್ಟು ಕಾಲ ಇಟ್ಟ ಜಾಗದಲ್ಲೇ ಇರುವುದಿಲ್ಲ.

ಕಿಂಡಿಯ ತತ್ತ್ವ ತಿಳಿಯದೆ ಮುಂದೆ ಹೋಗುವಂತಿಲ್ಲ. ಟರ್ಬೊ ತನ್ನಷ್ಟಕ್ಕೆ ಬಿಟ್ಟರೆ ನಿಲ್ಲುವುದಲ್ಲ. ಹೊಗೆ ಹೆಚ್ಚಾದರೆ ಹೆಚ್ಚು ತಿರುಗುತ್ತದೆ. ಹೆಚ್ಚು ತಿರುಗಿದರೆ ಹೆಚ್ಚು ಗಾಳಿ ಒತ್ತುತ್ತದೆ. ಗಾಳಿ ಹೆಚ್ಚಾದರೆ ಉರಿ ಹೆಚ್ಚು, ಉರಿ ಹೆಚ್ಚಾದರೆ ಮತ್ತೆ ಹೊಗೆ ಹೆಚ್ಚು. ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಅದಕ್ಕೆ ಮಾಮೂಲು. ಇದಕ್ಕೊಂದು ಕಡಿವಾಣ ಬೇಕೆಂದು ಹೊಗೆಯ ಬದಿಯಲ್ಲಿ ಸಣ್ಣದೊಂದು ಬಾಗಿಲು ಇಡುತ್ತಾರೆ. ಅದೇ ವೇಸ್ಟ್‌ಗೇಟ್. ಬಾಗಿಲು ತೆರೆದರೆ ಒಂದಷ್ಟು ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದಿಂದ ಸೈಲೆನ್ಸರಿಗೆ ಹೋಗುತ್ತದೆ. ಬಾಗಿಲು ತೆರೆಯುವ ಕೆಲಸ ಒಂದು ಡಬ್ಬಿಯದು: ಒಳಗೆ ರಬ್ಬರಿನ ಪೊರೆ, ಪೊರೆಯ ಬೆನ್ನಿಗೆ ಸ್ಪ್ರಿಂಗು, ಪೊರೆಗೆ ಕಟ್ಟಿದ ಕಡ್ಡಿ. ಟರ್ಬೊ ಒತ್ತಿದ ಗಾಳಿಯ ಸ್ವಲ್ಪ ಭಾಗ ಸಣ್ಣ ಪೈಪಿನಲ್ಲಿ ಬಂದು ಪೊರೆಯನ್ನು ದೂಡುತ್ತದೆ. ಸ್ಪ್ರಿಂಗು ಸೋತ ಕೂಡಲೇ ಕಡ್ಡಿ ಮುಂದೆ ಸರಿದು ಬಾಗಿಲು ಬಿಡುತ್ತದೆ. ಕಾರಿನ ಕಂಪನಿ ಯಾವ ಸ್ಪ್ರಿಂಗು ಹಾಕಿದೆಯೋ ಅಷ್ಟೇ ಬೂಸ್ಟು, ಅಂದರೆ ಒತ್ತಿದ ಗಾಳಿಗೆ ಹೊರಗಿನದಕ್ಕಿಂತ ಹೆಚ್ಚಾಗಿರುವ ಒತ್ತಡ. 1990ರ ಆಸುಪಾಸಿನ ಜಪಾನಿ ಅವಳಿ ಟರ್ಬೊ ಕಾರುಗಳಲ್ಲಿ ಇದು ಸುಮಾರು 0.6ರಿಂದ 0.7 ಬಾರ್.

ಹಾಗಾದರೆ ಬೂಸ್ಟ್ ಕಂಟ್ರೋಲರಿನ ಕಸುಬೇನು? ಸುಳ್ಳು ಹೇಳುವುದು. ಟರ್ಬೊದಿಂದ ಡಬ್ಬಿಗೆ ಹೋಗುವ ಪೈಪಿನ ನಡುವೆ ಒಂದು ಸೊಲೆನಾಯ್ಡ್ ವಾಲ್ವ್ ಕೂತು, ಸೆಕೆಂಡಿಗೆ ಹತ್ತಾರು ಸಲ ಟಿಕ್ ಟಿಕ್ ಎಂದು ತೆರೆದು ಮುಚ್ಚಿ, ಬಂದ ಗಾಳಿಯಲ್ಲಿ ಒಂದಷ್ಟನ್ನು ಬಯಲಿಗೆ ಸೋರಿಸುತ್ತದೆ. ಒಳಗೆ ಒಂದು ಬಾರ್ ಒತ್ತಡವಿದ್ದರೂ ಡಬ್ಬಿಗೆ ಮುಟ್ಟುವ ವರದಿ ಅರ್ಧ ಬಾರ್. ಡಬ್ಬಿ ಅದನ್ನು ನಂಬಿ ಬಾಗಿಲು ಮುಚ್ಚಿಕೊಂಡೇ ಕೂರುತ್ತದೆ, ಟರ್ಬೊ ಇನ್ನಷ್ಟು ತಿರುಗುತ್ತದೆ. ಕೆಳಗಿನ ಕಚೇರಿಯಿಂದ ಮೇಲಿನ ಕಚೇರಿಗೆ ಹೋಗುವ ವರದಿಗಳ ಪರಿಚಯವಿದ್ದವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಡ.

ಒತ್ತಡ ಹಿಡಿಯುವ ಬಾಗಿಲು ಎಂದ ಮೇಲೆ ಕೊಪ್ಪಳ ಜಿಲ್ಲೆಯವರಿಗೆ ಪಾಠ ಹೇಳಲು ಹೊರಡುವುದೇ ಉದ್ಧಟತನ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಗೆ 33 ಕ್ರಸ್ಟ್ ಗೇಟುಗಳು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಇಲ್ಲಿ ಗ್ರಂಥಕಾರ ತನ್ನ ಒಂದೇ ಒಂದು ಸ್ವತಂತ್ರ ಶೋಧನೆಯನ್ನು ಮಂಡಿಸುತ್ತಾನೆ. 20 ಅಡಿ ನೀರು ಗೇಟಿನ ಬುಡದಲ್ಲಿ ಹುಟ್ಟಿಸುವ ಒತ್ತಡ ಲೆಕ್ಕ ಹಾಕಿದರೆ ಸರಿಯಾಗಿ 0.6 ಬಾರ್. ಜಪಾನಿನವರು ತಮ್ಮ ಕಾರಿನ ಸ್ಪ್ರಿಂಗಿಗೆ ಆರಿಸಿಕೊಂಡದ್ದೂ ಅದೇ ಸಂಖ್ಯೆ! ಮದರಾಸು, ಹೈದರಾಬಾದು ಕಡೆಯ ಎಂಜಿನಿಯರುಗಳು 1940ರ ದಶಕದಲ್ಲೇ ಗೀಚಿದ ನಕಾಶೆ ಟೋಕಿಯೊ ಮುಟ್ಟಿದ್ದು ಹೇಗೆ ಎಂಬ ಪ್ರಶ್ನೆಯನ್ನು ಮುಂದಿನ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬಿಡಲಾಗಿದೆ. ಒಂದು ಸಣ್ಣ ವ್ಯತ್ಯಾಸವನ್ನು ಮುಚ್ಚಿಡುವುದು ನ್ಯಾಯವಲ್ಲ. ಕಾರಿನ ವೇಸ್ಟ್‌ಗೇಟ್ ಬಾಗಿಲಿನ ಮೇಲೆ ಬೀಳುವ ಭಾರ ಕೆಲವೇ ಕೆಜಿ. ತುಂಬಿದ ಡ್ಯಾಮಿನ ಒಂದು ಗೇಟಿನ ಮೇಲೆ ಬೀಳುವುದು ಸುಮಾರು 340 ಟನ್.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಹೊಳೆಗೆ ಹೋಯಿತು. ಬೂಸ್ಟ್ ಶಾಸ್ತ್ರದಲ್ಲಿ ಬಾಗಿಲು ತೆರೆದೇ ಉಳಿಯುವ ದೋಷವೆಂದರೆ ಇದೇ. ಅದೊಂದೇ ಕಿಂಡಿಯಿಂದ ಸುಮಾರು 35,000 ಕ್ಯೂಸೆಕ್ ಹರಿಯತೊಡಗಿತು. ಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ನಾಲೆಯನ್ನು ನಂಬಿ ನಾಟಿ ಮಾಡಿದ್ದ ಗಂಗಾವತಿ, ಕಾರಟಗಿಯ ರೈತರು ನಿದ್ದೆಗೆಟ್ಟು ಕೂತರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ, ವಾರದೊಳಗೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿದರು. ಎಂಜಿನ್ ಓಡುತ್ತಿರುವಾಗಲೇ ವೇಸ್ಟ್‌ಗೇಟ್ ಬದಲಿಸಿದ ನಿದರ್ಶನ ಜಗತ್ತಿನ ಯಾವ ಟ್ಯೂನಿಂಗ್ ಅಂಗಡಿಯಲ್ಲೂ ಇರಲಿಕ್ಕಿಲ್ಲ. ಮರುವರ್ಷ ಗೇಟುಗಳೆಲ್ಲ ಹಳೆಯವಾಗಿವೆಯೆಂದು 105 ಟಿಎಂಸಿಗೂ ಹೆಚ್ಚು ಹಿಡಿಯುವ ಜಲಾಶಯದಲ್ಲಿ 80 ಟಿಎಂಸಿಗೇ ನಿಲ್ಲಿಸುವ ನಿರ್ಧಾರವಾಯಿತು. ದೋಷ ಕಂಡ ಕಾರಿನ ಕಂಪ್ಯೂಟರು ಬೂಸ್ಟು ಇಳಿಸಿ, ಮನೆ ಮುಟ್ಟುವಷ್ಟು ಮಾತ್ರ ಓಡಿಸುವುದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ. ಆ ವರ್ಷ ಎರಡನೇ ಬೆಳೆ ಕಳೆದುಕೊಂಡ ಗಂಗಾವತಿಗೆ ಅದರ ರುಚಿ ಗೊತ್ತು.

ಇಷ್ಟೆಲ್ಲ ಆದ ಮೇಲೆ ಪೂರ್ವಪಕ್ಷ ತಲೆ ಎತ್ತುತ್ತದೆ: “ಕಾರು ಎಲ್ಲಿ?”

ಪ್ರಶ್ನೆ ಕಠಿಣ. ಹೊಸ ಅವಳಿ ಟರ್ಬೊ ಕಾರು ತಂದರೆ ಸಾಲದೆ? ಸಾಲದು. 2016ರ ಡಿಸೆಂಬರಿನಲ್ಲಿ ನಿಸಾನ್ ಕಂಪನಿ ಜಿಟಿ-ಆರ್ ಎಂಬ 3.8 ಲೀಟರಿನ ಅವಳಿ ಟರ್ಬೊ ಕಾರನ್ನು ಭಾರತಕ್ಕೆ ತಂದಿತು. ದೆಹಲಿಯ ಶೋರೂಮ್ ಬೆಲೆ 1.99 ಕೋಟಿ. ಆದರೆ ಅದರ ಬೂಸ್ಟನ್ನು ಎಂಜಿನ್ನಿನ ಕಂಪ್ಯೂಟರೇ ಹಿಡಿದು ಬಿಡುತ್ತದೆ. ಇರುವುದನ್ನೇ ಮತ್ತೆ ಕೂರಿಸಹೊರಟರೆ ತಾರ್ಕಿಕರು ಸಿದ್ಧಸಾಧನ ದೋಷ ಹಿಡಿಯುತ್ತಾರೆ. ಆದ್ದರಿಂದ ಶಾಸ್ತ್ರಕ್ಕೆ ಒಪ್ಪುವುದು ಹಳೆಯ ಕಾರೇ. ಉದಾಹರಣೆಗೆ 1989ರಲ್ಲಿ ಬಂದ ನಿಸಾನ್ 300ಝಡ್‌ಎಕ್ಸ್: ಮೂರು ಲೀಟರು, ವಿ ಆಕಾರದಲ್ಲಿ ಆರು ಸಿಲಿಂಡರು, ಬದಿಗೊಂದು ಟರ್ಬೊ. ಆ ಕಾಲದಲ್ಲಿ ಜಪಾನಿನ ಕಾರು ಕಂಪನಿಗಳೆಲ್ಲ ಸೇರಿ, ದೇಶದೊಳಗೆ ಮಾರುವ ಯಾವ ಕಾರಿಗೂ 280 ಅಶ್ವಶಕ್ತಿಗಿಂತ ಹೆಚ್ಚು ತೋರಿಸುವುದಿಲ್ಲ ಎಂದು ತಮ್ಮತಮ್ಮಲ್ಲೇ ಮಾತು ಕೊಟ್ಟುಕೊಂಡಿದ್ದವು. 2004ರವರೆಗೆ ಆ ಮಾತು ನಡೆಯಿತು. ಕಂಪನಿ ಕಟ್ಟಿದ್ದನ್ನು ಮಾಲೀಕ ಬಿಚ್ಚಬೇಕಲ್ಲ? ಎಚ್‌ಕೆಎಸ್, ಗ್ರೆಡ್ಡಿ, ಬ್ಲಿಟ್ಜ್ ಮುಂತಾದ ಹೆಸರಿನ ಬೂಸ್ಟ್ ಕಂಟ್ರೋಲರುಗಳ ಪೇಟೆ ಬೆಳೆದದ್ದು ಈ ಸಭ್ಯತೆಯ ಬೆನ್ನ ಮೇಲೆಯೇ.

ಆದರೆ 1990ರ ಕಾರು ಭಾರತದೊಳಗೆ ಬರುವಂತಿಲ್ಲ. ಬಳಸಿದ ಕಾರನ್ನು ತರಿಸಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು. ಇಲ್ಲವೇ ವಿಂಟೇಜ್ ಎನ್ನಿಸಿಕೊಳ್ಳಲು ಐವತ್ತು ದಾಟಿರಬೇಕು. ಇದು ಮಗುವೂ ಅಲ್ಲ, ಮುದುಕನೂ ಅಲ್ಲ. ನಿಯಮ ಹೀಗೇ ಇದ್ದರೆ 1990ರ ಕಾರಿಗೆ ಮುಹೂರ್ತ 2040. ಅಲ್ಲಿಯವರೆಗೆ ಶಾಸ್ತ್ರ ಮೊದಲು, ವಸ್ತು ಆಮೇಲೆ. ಮೊಲದ ಕೊಂಬು, ಆಕಾಶದ ಹೂವುಗಳ ಮೇಲೆ ಸಾವಿರ ವರ್ಷ ವಾದ ನಡೆಸಿದ ನಾಡಿಗೆ ಅಷ್ಟು ವರ್ಷ ದೊಡ್ಡದೇನಲ್ಲ.

ಈ ನಡುವೆ ನಾಲ್ಕು ಪೀಠಗಳೂ ಕೈಕಟ್ಟಿ ಕೂತಿಲ್ಲ ಎಂಬುದನ್ನು ದಾಖಲಿಸಬೇಕು. ಗಾಳಿ ಒತ್ತುವ ವಿದ್ಯೆಯಲ್ಲಿ ಇಲ್ಲಿ ಈಗಾಗಲೇ ಪಂಥಗಳು ಬೆಳೆದಿವೆ.

ಹಿರಿಯದು ಗಂಗಾವತಿ ಪಂಥ. ಸೋನಾ ಮಸೂರಿಯ ಈ ಸೀಮೆಗೆ ಸುಗ್ಗಿಯಲ್ಲಿ ಹೊರರಾಜ್ಯಗಳಿಂದ ಭತ್ತ ಕೊಯ್ಯುವ ಮಷಿನ್ನುಗಳು ದಂಡು ಕಟ್ಟಿ ಬರುತ್ತವೆ. ಟರ್ಬೊ ಡೀಸೆಲ್ ಎಂಜಿನ್ ಇಲ್ಲಿ ಯಾರಿಗೂ ಹೊಸದಲ್ಲ. ಕೆಸರುಗದ್ದೆಯಲ್ಲಿ ಕೇಜ್‌ವೀಲ್ ಹಾಕಿಕೊಂಡು ಒದ್ದಾಡುವ ಟ್ರ್ಯಾಕ್ಟರಿಗೆ ‘ಪಿಕಪ್ ಸಾಲಂಗಿಲ್ಲ’ ಎನ್ನಿಸಿದಾಗ ಮಾಲೀಕ ಹೋಗುವುದು ಪಂಪಿನ ಮಿಸ್ತ್ರಿಯ ಹತ್ತಿರ. ಡೀಸೆಲ್ ಪಂಪಿನ ಮೇಲೆ, ಕಂಪನಿ ಸೀಸದ ಸೀಲು ಒತ್ತಿ ಕಳಿಸಿದ ಒಂದು ಸ್ಕ್ರೂ ಇರುತ್ತದೆ. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಹೆಚ್ಚು ಡೀಸೆಲ್, ಹೆಚ್ಚು ಎಳೆತ, ಕರೀ ಹೊಗೆ. ಪೆಟ್ರೋಲ್ ಕಾರಿನ ಬೂಸ್ಟ್ ಪಂಥಕ್ಕೂ ಇದಕ್ಕೂ ಇರುವ ಭೇದ ಸೂಕ್ಷ್ಮವಾದದ್ದು, ಬಲ್ಲವರು ಮಾತ್ರ ಬಲ್ಲರು. ಗಂಗಾವತಿಯವರು ಇಂಧನ ಹೆಚ್ಚಿಸಿ ಗಾಳಿಗೆ ಕಾಯುತ್ತಾರೆ. ಗಾಳಿ ಸಾಲದೆ ಉಳಿದ ಡೀಸೆಲ್ ಮಸಿಯಾಗಿ ಹೊರಬರುತ್ತದೆ, ಎಂಜಿನ್ ಹೇಗೋ ಬದುಕುತ್ತದೆ. ಬೂಸ್ಟ್ ಪಂಥದವರು ಗಾಳಿ ಹೆಚ್ಚಿಸಿ ಇಂಧನಕ್ಕೆ ಕಾಯುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಸಾಲದಿದ್ದರೆ ಉರಿ ಬಿಳಿಚಿಕೊಂಡು ಕಾಯುತ್ತದೆ, ಮಿಶ್ರಣ ಹೊತ್ತಿಗೆ ಮುಂಚೆ ಸಿಡಿಯುತ್ತದೆ, ಪಿಸ್ಟನ್ನು ಕರಗಿ ತೂತಾಗುತ್ತದೆ. ಹೊಗೆ ಬರುವ ತಪ್ಪು ಕ್ಷಮ್ಯ, ಹೊಗೆ ಬಾರದ ತಪ್ಪು ದುಬಾರಿ. ಟರ್ಬೊ ಲಾರಿಗಳ ಕೆಲವು ಪಂಪುಗಳಿಗೆ ಕಂಪನಿಯೇ ಒಂದು ಪೊರೆ-ಸ್ಪ್ರಿಂಗಿನ ಡಬ್ಬಿ ಕೂರಿಸಿ, ಬೂಸ್ಟು ಬರುವತನಕ ಡೀಸೆಲ್ ಹೆಚ್ಚದಂತೆ ತಡೆಯುತ್ತದೆ. ಅಂದರೆ ಇಲ್ಲಿನ ಮಿಸ್ತ್ರಿ ಬೂಸ್ಟಿನ ಡಬ್ಬಿಯನ್ನು ಬಿಚ್ಚಿ ಬಲ್ಲ. ಅವನಿಗೆ ಕಲಿಸಬೇಕಾದದ್ದು ವೈರಿಂಗ್ ಮಾತ್ರ.

ಯಲಬುರ್ಗಾ ಪಂಥದವರು ಈ ಚರ್ಚೆಯನ್ನು ಕೇಳಿ ನಗುತ್ತಾರೆ. ಎರೆ ಹೊಲ, ಮಳೆ ನೆಚ್ಚಿದ ಜೋಳ, ಬತ್ತಿದ ಬಾವಿ. ಹೀಗಾಗಿ ಇವರಿಗೆ ಗುರು ತಮಿಳುನಾಡಿನ ತಿರುಚೆಂಗೋಡಿನಿಂದ ಬರುವ ಬೋರ್ ಗಾಡಿ. ಅದರ ಬೆನ್ನ ಮೇಲಿನ ಕಂಪ್ರೆಸರ್ ಒತ್ತುವ ಗಾಳಿ 300 ಪಿಎಸ್‌ಐ, ಅಂದರೆ 20 ಬಾರಿಗೂ ಹೆಚ್ಚು. ಆ ಗಾಳಿಯೇ ನೆಲದೊಳಗೆ ಇಳಿದು ಸುತ್ತಿಗೆ ಬಡಿಯುತ್ತದೆ, ಅದೇ ಗಾಳಿ ಪುಡಿಕಲ್ಲನ್ನು ಮೇಲಕ್ಕೆ ಊದುತ್ತದೆ. ಇಪ್ಪತ್ತು ಬಾರ್ ಕಂಡವರ ಮುಂದೆ 0.6ನ್ನು 0.9 ಮಾಡಿದೆ ಎಂದು ಹೇಳಿಕೊಳ್ಳುವುದು ಸಭೆಯಲ್ಲಿ ಆಡುವ ಮಾತಲ್ಲ. “ಅಷ್ಟು ಗಾಳಿ ಹಾಕಿದ್ರೂ ನೀರು ಬರ್ಲಿಲ್ರಿ ನಮಗ, ನಿಮಗೇನ್ ಬರ್ತೈತಿ?” ಎಂಬುದು ಈ ಪಂಥದ ಏಕೈಕ ಸೂತ್ರ. ಇದಕ್ಕೆ ಈವರೆಗೆ ಯಾರೂ ಭಾಷ್ಯ ಬರೆದಿಲ್ಲ.

ಕುಷ್ಟಗಿಯದು ಎತ್ತರದ ಪಂಥ. ಗಂಗಾವತಿ ಸಮುದ್ರಮಟ್ಟದಿಂದ ಸುಮಾರು 400 ಮೀಟರು, ಕುಷ್ಟಗಿ 640ರ ಹತ್ತಿರ. ಈ ಅಂತರದಲ್ಲಿ ವಾತಾವರಣದ ಒತ್ತಡ ಸುಮಾರು 0.027 ಬಾರ್ ಇಳಿಯುತ್ತದೆ. ಸ್ಪ್ರಿಂಗು ಅಳೆಯುವುದು ಹೊರಗಿನ ಗಾಳಿಗಿಂತ ಒಳಗಿನದು ಎಷ್ಟು ಹೆಚ್ಚು ಎಂಬುದನ್ನು. ಹೊರಗಿನದೇ ತೆಳುವಾದರೆ ಎಂಜಿನ್ನಿಗೆ ಸೇರುವ ಒಟ್ಟು ಗಾಳಿಯೂ ಅಷ್ಟು ಕಮ್ಮಿ. ಆದ್ದರಿಂದ ಗಂಗಾವತಿಯ ಸೆಟ್ಟಿಂಗ್ ತಮಗೆ ಒಗ್ಗದು, ತಾಲ್ಲೂಕಿಗೊಂದು ಪ್ರತ್ಯೇಕ ಸೆಟ್ಟಿಂಗ್ ಬೇಕು ಎಂಬುದು ಇವರ ಬೇಡಿಕೆ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗ್ರಾನೈಟು ಹೇರಿಕೊಂಡು ವಿಜಯಪುರ, ಹೊಸಪೇಟೆ ಕಡೆ ಹೋಗುವ ಲಾರಿ ಚಾಲಕರು ಇದನ್ನು ಅನುಮೋದಿಸಿಲ್ಲ. ಅವರ ಪ್ರಕಾರ ಏರಿನಲ್ಲಿ ಗೇರು ಇಳಿಸಿದರೆ ಆಯಿತು. ಯಲಬುರ್ಗಾ, ಕುಕನೂರು, ಕುಷ್ಟಗಿಯ ಹೊಲಗಳಲ್ಲಿ ನಿಂತ ಗಾಳಿಯಂತ್ರಗಳ ವಿಷಯ ಬೇರೆ. ಅವು ಪುಕ್ಕಟೆ ಗಾಳಿಯಲ್ಲಿ ನಿಧಾನಕ್ಕೆ ತಿರುಗಿ ಕರೆಂಟು ಮಾಡುತ್ತವೆ. ಅವುಗಳ ವೇಗಕ್ಕೂ ಕಡಿವಾಣವಿದೆ: ಗಾಳಿ ಜೋರಾದರೆ ರೆಕ್ಕೆ ತನ್ನ ಮೈ ಹೊರಳಿಸಿ ಗಾಳಿಯನ್ನು ಬಿಟ್ಟುಕೊಡುತ್ತದೆ.

ಕೊಪ್ಪಳ ಪೀಠಕ್ಕೆ ಪಂಥದ ಹಂಗಿಲ್ಲ, ಅದು ಉಪಾದಾನ ಕಾರಣವನ್ನೇ ಕೈಯಲ್ಲಿಟ್ಟುಕೊಂಡಿದೆ. ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಅದಿರು ಕರಗಿಸಿ, ಟ್ರ್ಯಾಕ್ಟರು ಮತ್ತಿತರ ವಾಹನಗಳ ಸಿಲಿಂಡರ್ ಬ್ಲಾಕು, ಹೆಡ್ಡುಗಳನ್ನು ಎರಕ ಹೊಯ್ಯುತ್ತಾರೆ. ಅದಿರು ಕರಗಿಸುವ ಬ್ಲಾಸ್ಟ್ ಫರ್ನೇಸ್ ಎಂದರೆ ಅದೂ ಬಿಸಿಗಾಳಿ ಒತ್ತಿ ಊದುವ ವಿದ್ಯೆಯೇ. ಇಲ್ಲಿನ ಬ್ಲಾಕು ಹೊರಗೆ ಹೋಗಿ, ಎಂಜಿನ್ನಾಗಿ, ಟ್ರ್ಯಾಕ್ಟರಾಗಿ, ಸಾಲದ ಮೇಲೆ ತಿರುಗಿ ಇದೇ ಜಿಲ್ಲೆಗೆ ಬಂದು ಗದ್ದೆಗೆ ಇಳಿಯುವ ಸಂಭವ ಉಂಟು. ಕಾರಣದಲ್ಲೇ ಕಾರ್ಯವಿದೆ ಎಂಬ ಸಾಂಖ್ಯರಿಗೆ ಬೇವಿನಹಳ್ಳಿಯ ಬಸ್ ಟಿಕೆಟ್ ಕೊಡಿಸಬಹುದು.

ಈಗ ಪ್ರಯೋಗವಿಧಿ. ಪೆಟ್ಟಿಗೆ ತೆರೆದರೆ ಸಿಗುವುದು: ಕಾರಿನೊಳಗೆ ಕೂರಿಸುವ ಪುಟ್ಟ ಡಿಸ್ಪ್ಲೇ, ಒಂದು ಸೊಲೆನಾಯ್ಡು, ಒತ್ತಡ ಅಳೆಯುವ ಒಂದು ಸೆನ್ಸರು, ಒಂದಷ್ಟು ವೈರು, ರಬ್ಬರ್ ಪೈಪು, ಟಿ-ಜಾಯಿಂಟು, ಕ್ಲಿಪ್ಪು, ಮತ್ತು ಒಂದು ಕೈಪಿಡಿ. ಪೆಟ್ಟಿಗೆಯ ಮೇಲೆ ಅಶ್ವಶಕ್ತಿಯ ಬಗ್ಗೆ ಅಚ್ಚಾದದ್ದನ್ನು ಮೀಮಾಂಸಕರು ಅರ್ಥವಾದ ಎನ್ನುತ್ತಾರೆ. ಅದು ಸ್ತುತಿ, ವಿಧಿಯಲ್ಲ, ಆಚರಿಸಬೇಕಾಗಿಲ್ಲ. ಕೈಪಿಡಿ ಜಪಾನಿ ಭಾಷೆಯಲ್ಲಿದ್ದರೆ ಅಪೌರುಷೇಯ ಎಂದು ಭಾವಿಸಿ ಪಕ್ಕಕ್ಕಿಡತಕ್ಕದ್ದು.

ಎಂಜಿನ್ನು ತಣ್ಣಗಿರುವಾಗ, ಬ್ಯಾಟರಿಯ ನೆಗೆಟಿವ್ ವೈರು ತೆಗೆದು ಕೆಲಸ ಶುರು. ಸೊಲೆನಾಯ್ಡನ್ನು ಹೊಗೆಕೊಳವೆಯಿಂದ ದೂರ, ಡಬ್ಬಿಗಳಿಗೆ ಹತ್ತಿರ ಕೂರಿಸಬೇಕು. ಟರ್ಬೊದ ಬಳಿ ಬಿಸಿ 900 ಡಿಗ್ರಿಯವರೆಗೂ ಹೋಗುವುದುಂಟು, ರಬ್ಬರು ತಾಳದು; ದೂರವಿಟ್ಟರೆ ಪೈಪು ಉದ್ದವಾಗಿ ಸುದ್ದಿ ತಡವಾಗುತ್ತದೆ. ಈ ಎರಡು ವಾಕ್ಯಗಳ ವಿರೋಧ ಪರಿಹರಿಸುವುದೇ ಮಿಸ್ತ್ರಿಯ ಪಾಂಡಿತ್ಯ. ಮೂರು ತೂತಿನ ಸೊಲೆನಾಯ್ಡಾದರೆ ಒಂದಕ್ಕೆ ಟರ್ಬೊದಿಂದ ಬರುವ ಪೈಪು, ಒಂದಕ್ಕೆ ಡಬ್ಬಿಗೆ ಹೋಗುವ ಪೈಪು, ಮೂರನೆಯದು ಬಯಲಿಗೆ. ಹೆಚ್ಚಿನವನ್ನು ಕೂರಿಸುವ ರೀತಿ ಹೇಗೆಂದರೆ ಕರೆಂಟು ಇಲ್ಲದಾಗ ಗಾಳಿ ನೇರವಾಗಿ ಡಬ್ಬಿಗೇ ಹೋಗಿ ಬಾಗಿಲು ತೆರೆದುಕೊಳ್ಳುತ್ತದೆ, ಬೂಸ್ಟು ಕನಿಷ್ಠಕ್ಕೆ ಇಳಿಯುತ್ತದೆ. ಕರೆಂಟು ಹೋದಾಗ ಗಲಾಟೆ ಮಾಡದೆ ಸುಮ್ಮನೆ ಕೂರುವ ಈ ಗುಣವನ್ನು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಟ್ಟದ್ದು ಬೇರೆ: ಡಬ್ಬಿಗೆ ಹೋಗುವ ಪೈಪೇ ಕಳಚಿದರೆ ಬಾಗಿಲಿಗೆ ಸುದ್ದಿಯೇ ಮುಟ್ಟದು, ಅದು ತೆರೆಯುವುದೇ ಇಲ್ಲ, ಬೂಸ್ಟು ಏರುತ್ತಲೇ ಹೋಗುತ್ತದೆ. ಇಡೀ ಶಾಸ್ತ್ರ ಕೊನೆಗೆ ನಿಂತಿರುವುದು ಐದು ರೂಪಾಯಿಯ ಕ್ಲಿಪ್ಪಿನ ಮೇಲೆ.

ಅವಳಿ ಟರ್ಬೊಗೆ ವಿಶೇಷ ವಿಧಿ ಒಂದಿದೆ. ಡಬ್ಬಿಗಳೆರಡು, ಸೊಲೆನಾಯ್ಡು ಒಂದೇ ಆದಾಗ, ಟಿ-ಜಾಯಿಂಟಿನಿಂದ ಎರಡೂ ಕಡೆ ಹೋಗುವ ಪೈಪುಗಳ ಅಳತೆ ಸಮ ಇರಬೇಕು. ಇದನ್ನು ವಿವರಿಸಲು ಗ್ರಂಥಕಾರ ಒಂದೂವರೆ ಪುಟ ಬರೆದಿದ್ದ. ಪಂಪಿನ ಮಿಸ್ತ್ರಿಯೊಬ್ಬರು ಕೇಳಿ ಹೇಳಿದ ಮಾತು ಸಿಕ್ಕ ಮೇಲೆ ಅದನ್ನು ಹೊಡೆದು ಹಾಕಲಾಯಿತು: “ಒಂದು ಉದ್ದ, ಒಂದು ಗಿಡ್ಡ ಮಾಡಿದ್ರ ಒಂದಕ್ಕ ಸುದ್ದಿ ಮೊದ್ಲ ಮುಟ್ಟತೈತಿ, ಇನ್ನೊಂದಕ್ಕ ತಡಾ ಆಕೈತಿ. ಎರಡೂ ಜಗಳಾ ಹತ್ತತಾವ್ರಿ ಸಾವಕಾರ್ರ.”

ಸೆಟ್ಟಿಂಗ್ ಮಾಡುವಾಗ ಶೂನ್ಯದಿಂದ ಶುರು ಮಾಡಿ, ಸ್ಪ್ರಿಂಗು ತಾನೇ ಕೊಡುವ ಬೂಸ್ಟು ಎಷ್ಟೆಂದು ನೋಡಿಕೊಂಡು, ಸ್ವಲ್ಪಸ್ವಲ್ಪವೇ ಏರಿಸುತ್ತ, ಪ್ರತಿ ಸಲ ಮಿಶ್ರಣದ ಮೀಟರು ನೋಡಬೇಕು. 0.6ರಿಂದ 1 ಬಾರಿಗೆ ಏರಿಸಿದರೆ ಕೊಪ್ಪಳದ ಗಾಳಿಯಲ್ಲಿ ಎಂಜಿನ್ನಿಗೆ ಸೇರುವುದು ಸುಮಾರು ಕಾಲುಭಾಗ ಹೆಚ್ಚು ಗಾಳಿ. ಇಂಧನವೂ ಅಷ್ಟೇ ಹೆಚ್ಚಬೇಕು, ಅಂದರೆ ಕಂಪ್ಯೂಟರಿನ ಲೆಕ್ಕ ತಿದ್ದಬೇಕು, ಇಂಜೆಕ್ಟರು ಸಾಲದಿದ್ದರೆ ಬದಲಿಸಬೇಕು. ಬೇಸಿಗೆಯಲ್ಲಿ ಇನ್ನೊಂದು ತೊಡಕು. 40 ಡಿಗ್ರಿಯ ಗಾಳಿಯನ್ನು ಒತ್ತಿ ಎರಡು ಪಟ್ಟು ಒತ್ತಡಕ್ಕೆ ತಂದರೆ ಅದು ಟರ್ಬೊದಿಂದ ಹೊರಬೀಳುವಾಗ 135 ಡಿಗ್ರಿಯ ಸುಮಾರಿಗೆ ಬಂದಿರುತ್ತದೆ. ಅದನ್ನು ತಣಿಸಲು ಇಂಟರ್‌ಕೂಲರ್ ಇದೆ ನಿಜ. ಆದರೆ ಅದು ತಣಿಸುವುದು ಹೊರಗಿನ ಗಾಳಿಯಿಂದ, ಮತ್ತು ಮೇ ತಿಂಗಳ ಮಧ್ಯಾಹ್ನ ಕುಷ್ಟಗಿ ರಸ್ತೆಯಲ್ಲಿ ಹೊರಗಿನ ಗಾಳಿಯೇ ನೆರಳು ಹುಡುಕುತ್ತಿರುತ್ತದೆ.

ಧರ್ಮಶಾಸ್ತ್ರ ಪ್ರಕರಣ ಚಿಕ್ಕದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ವಾಹನವನ್ನು ಕಂಪನಿ ಕೊಟ್ಟ ಮೂಲ ವಿವರಕ್ಕೆ ಭಿನ್ನವಾಗುವಂತೆ ಬದಲಿಸಬಾರದು. 2019ರ ತಿದ್ದುಪಡಿ ತಂದ 182-ಎ ಕಲಮು, ಅಕ್ರಮವಾಗಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎನ್ನುತ್ತದೆ. ‘ಪ್ರತಿ ಮಾರ್ಪಾಡಿಗೆ’ ಎಂಬಲ್ಲಿ ಅಧಿಕರಣ ಹುಟ್ಟುತ್ತದೆ. ಎರಡು ಟರ್ಬೊಗೆ ಒಂದು ಸೊಲೆನಾಯ್ಡಾದರೆ ಮಾರ್ಪಾಡು ಒಂದೋ, ಎರಡೋ? ಸೊಲೆನಾಯ್ಡೇ ಎರಡಾದರೆ? ಟಿ-ಜಾಯಿಂಟನ್ನು ಬೇರೆ ಎಣಿಸಬೇಕೆ? ಕೊಪ್ಪಳದ ಪಂಡಿತರು ಒಂದೆನ್ನುತ್ತಾರೆ, ಗಂಗಾವತಿಯವರು ಎರಡೆನ್ನುತ್ತಾರೆ. ಯಲಬುರ್ಗಾದವರು ಮೊದಲು ಕಾರು ತೋರಿಸಿ ಎನ್ನುತ್ತಾರೆ.

ಕಡೆಯದಾಗಿ ಪರೀಕ್ಷಾ ಪ್ರಕರಣ. ಕೂರಿಸಿದ್ದು ಸರಿಯಾಯಿತೇ ಎಂದು ತಿಳಿಯಲು ಕಾರನ್ನು ಪೂರ್ತಿ ದಮ್ಮಿನಲ್ಲಿ ಓಡಿಸಿ ನೋಡಬೇಕೆಂಬುದು ಎಲ್ಲ ಪಂಥಗಳ ಒಮ್ಮತ. ಹೆದ್ದಾರಿಯಲ್ಲಿ ಅದು ಅಪರಾಧ. ಊರೊಳಗಿನ ರಸ್ತೆಯಲ್ಲಿ ಪಾಪ. ಇಲ್ಲಿ ಮತ್ತೊಂದು ಪ್ರಮಾಣಗ್ರಂಥ ಅಡ್ಡ ಬರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯ ಹಂಪ್ 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ಮೇಲೆ ಹೇಳಿದ ಎರಡು ಕೋಟಿಯ ಜಿಟಿ-ಆರ್ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ 105 ಮಿಲಿಮೀಟರು. ಶಾಸ್ತ್ರೋಕ್ತವಾದ ಕಾರಿನ ಅಂತರದಲ್ಲಿ ಶಾಸ್ತ್ರೋಕ್ತವಾದ ಹಂಪಿನ ಎತ್ತರ ಕಳೆದರೆ ಉಳಿಯುವುದು 5 ಮಿಲಿಮೀಟರು. ಒಳಗೆ ಗ್ರಂಥಕಾರ ಕೂತರೆ ಅದೂ ಇಲ್ಲ. ಇಷ್ಟು, ನಿಯಮದ ಹಂಪಿನ ಮಾತು. ಅಳತೆಪಟ್ಟಿಯ ಹಂಗಿಲ್ಲದೆ, ಒಂದು ಟ್ರಿಪ್ ಜಲ್ಲಿಯಲ್ಲಿ ಊರವರೇ ಹಾಕಿಕೊಂಡ ಹಂಪುಗಳ ವಿಷಯದಲ್ಲಿ ಶ್ರುತಿಯೂ ಇಲ್ಲ, ಸ್ಮೃತಿಯೂ ಇಲ್ಲ.

ಈ ಲೆಕ್ಕವನ್ನು ಅದೇ ಮಿಸ್ತ್ರಿಯ ಮುಂದಿಟ್ಟಾಗ ಅವರು ಪಾನಾ ಒರೆಸುತ್ತ ಕೇಳಿದ್ದು ಒಂದೇ: “ಬೂಸ್ಟ್ ಕೂರ್ಸೋದು ಆಮ್ಯಾಗ ನೋಡಮು ಸಾವಕಾರ್ರ, ಇದಕ್ಕ ಟ್ರ್ಯಾಕ್ಟರ್ ಗಾಲಿ ಹಿಡಿತಾವೇನ್ರಿ?”